ಸದ್ದು ನಿಂತರೆ ಎಬ್ಬಿಸು

ಮೂರು ವರ್ಷದಿಂದ ನಾನು ದಿನಾ ಹೊಳೆ ಪಕ್ಕದಲ್ಲೇ ಮಲಗುತ್ತಿದ್ದೆ. ಮೈಸೂರಿನ ಕುವೆಂಪುನಗರದಲ್ಲಿ, ಎರಡನೇ ಮಹಡಿಯಲ್ಲಿ. ನಿದ್ದೆ ಸರಿಯಾಗಿ ಬರುತ್ತಿಲ್ಲ ಅಂತ ಆಫೀಸಿನಲ್ಲಿ ಹೇಳಿಕೊಂಡಾಗ ಗೆಳತಿಯೊಬ್ಬಳು ಫೋನಿಗೆ ಒಂದು ಆಪ್ ಹಾಕಿಕೊಟ್ಟಿದ್ದಳು. ಅದರಲ್ಲಿ ಮಳೆ ಸದ್ದು, ಸಮುದ್ರದ ಸದ್ದು, ರೈಲಿನ ಸದ್ದು ಎಲ್ಲ ಇದ್ದವು. ನನಗೆ ಹಿಡಿಸಿದ್ದು ಬೆಟ್ಟದ ಪಕ್ಕದಲ್ಲಿ ಹರಿಯುವ ಹೊಳೆ. ಎಂಟು ಗಂಟೆ ನಿಲ್ಲದೆ ಹರಿಯುತ್ತಿತ್ತು. ಫೋನನ್ನು ಮಗುಚಿ ದಿಂಬಿನ ಪಕ್ಕ ಇಟ್ಟರೆ ಹತ್ತು ನಿಮಿಷದಲ್ಲಿ ನಿದ್ದೆ. ಒಂದು ರಾತ್ರಿ ಜ್ವರ ಬಂದು ನನ್ನ ಪಕ್ಕ ಮಲಗಿದ್ದ ಮಗ ಎದ್ದು ಕೂತು, "ಅಮ್ಮಾ, ಆ ಹಕ್ಕಿ ಪ್ರತಿ ಸಲ ಅದೇ ಜಾಗದಲ್ಲಿ ಕೂಗುತ್ತೆ, ಗೊತ್ತಾ?" ಅಂದ. ಗೊತ್ತಿರಲಿಲ್ಲ. ಕಿವಿಗೊಟ್ಟು ಕೇಳಿದೆ. ಹೌದು. ನಾಲ್ಕೈದು ನಿಮಿಷಕ್ಕೊಮ್ಮೆ ಒಂದು ಹಕ್ಕಿ ಎರಡು ಸಲ ಚೀಂ ಅನ್ನುತ್ತಿತ್ತು. ಅದಾದ ಮೇಲೆ ನೀರು ಒಂದು ಸಲ ಗುಳುಕ್ ಅನ್ನುತ್ತಿತ್ತು. ಮತ್ತೆ ನಾಲ್ಕೈದು ನಿಮಿಷ. ಮತ್ತೆ ಅದೇ ಹಕ್ಕಿ. ಎಂಟು ಗಂಟೆ ಹರಿಯುತ್ತಿದ್ದದ್ದು ಐದು ನಿಮಿಷದ ಹೊಳೆ.

ಅದರಿಂದ ನಿದ್ದೆಗೆ ಏನೂ ತೊಂದರೆ ಆಗಲಿಲ್ಲ ಅನ್ನಿ. ತೊಂದರೆ ಆದದ್ದು ಹೋದ ಜನವರಿಯಲ್ಲಿ, ನಿಜವಾದ ಹೊಳೆ ಪಕ್ಕ ಟೆಂಟಿನಲ್ಲಿ ಮಲಗಿದಾಗ. ಎರಡು ರಾತ್ರಿಗೆ ದುಡ್ಡು ಕೊಟ್ಟು, ಮೂರು ಜನ ಹೋಗಿ, ಸುತ್ತ ಬೆಟ್ಟ, ಮುಂದೆ ಕಾವೇರಿ, ಫೋನಿಗೆ ಸಿಗ್ನಲ್ ಇಲ್ಲ, ಪಕ್ಕದ ಟೆಂಟಿನವರೂ ಸಭ್ಯರು. ಇನ್ನೇನು ಬೇಕು? ಮೊದಲ ರಾತ್ರಿ ಒಂದು ನಿಮಿಷವೂ ನಿದ್ದೆ ಬರಲಿಲ್ಲ. ಯಾಕೆ ಅನ್ನೋದು ನನ್ನ ತಲೆ ಕೊರೆಯುತ್ತಿದೆ. ಅದನ್ನೇ ಇಲ್ಲಿ ಬಿಡಿಸಿಕೊಳ್ಳಲು ನೋಡುತ್ತಿದ್ದೇನೆ.

ಹಲಗೂರಿನಿಂದ ಕೆಳಗೆ

ಬನ್ನೂರು, ಕಿರುಗಾವಲು, ಮಳವಳ್ಳಿ, ಹಲಗೂರು. ದಾರಿ ಗೊತ್ತಿರುವವರಿಗೆ ಹೇಳಬೇಕಾದ್ದಿಲ್ಲ. ಹಲಗೂರಿನಲ್ಲಿ ಮುತ್ತತ್ತಿ ರಸ್ತೆಗೆ ತಿರುಗಿದ ಮೇಲೆ ಸ್ವಲ್ಪ ಹೊತ್ತಿಗೆ ಹೊಲ ಮುಗಿದು ಕುರುಚಲು ಕಾಡು ಶುರುವಾಗುತ್ತದೆ. ಆಮೇಲೆ ರಸ್ತೆ ಇಳಿಯುತ್ತಾ ಹೋಗುತ್ತದೆ. ಮಂಡ್ಯ ಜಿಲ್ಲೆ ಅಂದರೆ ಕಬ್ಬು, ಭತ್ತ, ಸಪಾಟು ನೆಲ ಅಂದುಕೊಂಡವರಿಗೆ ಈ ಇಳಿಜಾರು ಒಂದು ಆಶ್ಚರ್ಯವೇ. ಒಣಗಿದ ಬೆಟ್ಟಗಳ ನಡುವೆ ತಿರುವು ಮುಗಿದ ಕೂಡಲೇ ಹೊಳೆ ಕಾಣುತ್ತದೆ. ದಡದ ಉದ್ದಕ್ಕೂ ಹೊಳೆಮತ್ತಿ ಮರಗಳು. ಬೆಟ್ಟವೆಲ್ಲ ಬೂದು ಬಣ್ಣಕ್ಕೆ ತಿರುಗಿದ್ದರೂ ಅವು ಮಾತ್ರ ಹಸಿರು. ಬೇರು ನೀರಿನಲ್ಲಿ, ಬೆಳ್ಳಗಿನ ನುಣುಪು ಕಾಂಡ ದಡದ ಮೇಲೆ.

ಕ್ಯಾಂಪಿನ ಹೆಸರು ಬೇಡ. ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆ ಕಡೆ ಹೋದವರಿಗೆ ಇಂಥ ಜಾಗ ಹೇಗಿರುತ್ತದೆ ಅಂತ ಗೊತ್ತು. ಈ ಹೊಳೆ ದಡಕ್ಕೆ ಮೊದಲು ಜನ ಟೆಂಟು ಹೊಡೆದದ್ದು ನನ್ನ ಹಾಗೆ ನಿದ್ದೆಗಲ್ಲ, ಮೀನಿಗೆ. ಮಹಶೀರ್ ಅನ್ನುವ ದೊಡ್ಡ ಮೀನು. ಹೊಳೆಯವರು ಅದನ್ನು ಬಿಳಿಮೀನು ಅನ್ನುತ್ತಾರೆ. 1946ರಲ್ಲಿ ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಮನೆಯವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮೀನು ಹಿಡಿದಿದ್ದರು. ಹುಲಿ, ಚಿರತೆಗೆ ಹೊಟ್ಟು ತುಂಬಿ ನಿಲ್ಲಿಸಿ ದೇಶಕ್ಕೆಲ್ಲ ಹೆಸರಾದ ಮನೆತನ ಅದು. 120 ಪೌಂಡ್ ಅಂದರೆ 54 ಕಿಲೋ. ನನಗಿಂತ ಸ್ವಲ್ಪವೇ ಕಮ್ಮಿ. (ಎಷ್ಟು ಕಮ್ಮಿ ಅಂತ ಬರೆಯುವುದಿಲ್ಲ.) ಆಮೇಲೆ ಹೊರದೇಶದಿಂದೆಲ್ಲ ಗಾಳ ಹಾಕುವವರು ಇಲ್ಲಿಗೆ ಬಂದರು. ಹಿಡಿದು, ತೂಗಿ, ಫೋಟೋ ತೆಗೆದು, ವಾಪಸ್ ಬಿಡುತ್ತಿದ್ದರು. ಅಭಯಾರಣ್ಯದೊಳಗೆ ಅದೂ ಕೂಡದು ಅಂತ ಆದ ಮೇಲೆ ಗಾಳದ ಆಟ ನಿಂತಿತು. ಬೆನ್ನು ಗೂನಾದ ಈ ಕಾವೇರಿ ಮಹಶೀರಿಗೆ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾದದ್ದೇ 2018ರಲ್ಲಿ. ಅಷ್ಟು ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಾಗಿತ್ತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮ ಕ್ಯಾಂಪಿನಲ್ಲಿ ರಾತ್ರಿ ಕಾವಲಿಗಿದ್ದ ಅಣ್ಣ ಆ ಕಾಲದಲ್ಲಿ ದೊರೆಗಳಿಗೆ ಮೀನು ತೋರಿಸುತ್ತಿದ್ದವರು. ಅವರು ಬಿಳಿಯರಿಗೆ ಈಗಲೂ ದೊರೆ ಅಂತಲೇ ಅನ್ನುವುದು. ಅರವತ್ತು ದಾಟಿರಬೇಕು. ಸಣಕಲು ಮೈ, ಮಂಕಿ ಟೋಪಿ, ಕಂಪನಿಯ ಹೆಸರು ಮಾಸಿಹೋದ ಜರ್ಕಿನ್. ಗಾಳಕ್ಕೆ ಏನು ಸಿಕ್ಕಿಸುತ್ತಿದ್ದಿರಿ ಅಂತ ಮಗ ಕೇಳಿದ್ದಕ್ಕೆ, "ರಾಗಿ ಮುದ್ದೆ ಕನಪ್ಪ, ನೀನು ಈಗ ಉಂಡ್ಯಲ್ಲ ಅದೇಯ" ಅಂದರು. ಮಗ ನಂಬಲಿಲ್ಲ. ನಿಜವೇ ಅದು. ಗಟ್ಟಿಯಾಗಿ ಬೇಯಿಸಿದ ರಾಗಿಹಿಟ್ಟಿಗೆ ವಾಸನೆ ಬರುವ ಸಾಮಾನು ಸೇರಿಸಿ, ನಿಂಬೆಹಣ್ಣಿನಷ್ಟು ಉಂಡೆ ಕಟ್ಟಿ ಗಾಳಕ್ಕೆ ಮೆತ್ತುವುದು. ಆಮೇಲೆ ಗಾಳದ ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಬಂಡೆ ಮೇಲೆ ಕೂರುವುದು. ನೀರಿನ ಎಳೆತ ಬೇರೆ, ಸಣ್ಣ ಮೀನು ಕುಟುಕುವುದು ಬೇರೆ, ಬಿಳಿಮೀನು ಮೂತಿ ತಾಗಿಸುವುದು ಬೇರೆ. "ಕಣ್ಣಲ್ಲಿ ನೋಡಕಿಲ್ಲ. ಬೆರಳಲ್ಲಿ ಕೇಳ್ಬೇಕು" ಅಂದರು. ಬೆರಳು ಚಾಚಿ ತೋರಿಸಿದರು. ತುದಿಯಿಂದ ಎರಡನೇ ಗೆಣ್ಣಿನ ಹತ್ತಿರ ದಾರ ಕೊರೆದ ಗೆರೆ ಒಂದು ಹಾಗೇ ಉಳಿದಿತ್ತು.

ನಾನು ಯಾವ ಊರಿನವಳು ಅಂತ ಕೇಳಿದರು. ಮೈಸೂರು ಅಂದೆ. ಮೊದಲು? ಮದ್ದೂರು ಕಡೆ, ನಾಲೆಯ ಕೊನೆ ಭಾಗದ ಊರು ಅಂದೆ. ಅಲ್ಲಿಂದ ಮುಂದೆ ಮೇಡಂ ಹೋಗಿ ಅವ್ವ ಆಯಿತು.

ಸುಮ್ಮನಿರದ ರಾತ್ರಿ

ಬುಕ್ ಮಾಡುವಾಗ ಫೋನಿನಲ್ಲಿ ಮಾತಾಡಿದ ಹುಡುಗ "ಫುಲ್ ಸೈಲೆಂಟ್ ಇರುತ್ತೆ ಮೇಡಂ" ಅಂದಿದ್ದ. ಪಾಪ, ಅವನು ರಾತ್ರಿ ಅಲ್ಲಿ ಇರುವುದಿಲ್ಲ ಅಂತ ಕಾಣುತ್ತದೆ.

ಹತ್ತು ಗಂಟೆಗೆ ಜನರೇಟರ್ ಆರಿಸಿದರು. ಅದು ಇಷ್ಟು ಹೊತ್ತು ಓಡುತ್ತಿತ್ತು ಅಂತ ಗೊತ್ತಾದದ್ದೇ ನಿಂತಾಗ. ಆಮೇಲೆ ಒಂದೊಂದೇ ಸದ್ದು ಹತ್ತಿರ ಬಂದವು. ಟೆಂಟಿನ ಹಿಂದೆ ನತ್ತಿಂಗ ಹಕ್ಕಿ ಚಕ್ ಚಕ್ ಚಕ್ ಅಂತ ಗಾಣದ ಹಲಗೆ ಬಡಿದ ಹಾಗೆ. ಆಚೆ ದಡದಲ್ಲಿ ಬಿದಿರು ಮುರಿಯುವ ಸದ್ದು. ಆನೆ ಇರಬಹುದು, ಗಾಳಿ ಇರಬಹುದು. ಟೆಂಟಿನ ಬಟ್ಟೆಯ ಮೇಲೆ ಟಪ್ ಅಂತ ಏನೋ ಬಿತ್ತು. ಕಾಯೋ, ಕಪ್ಪೆಯೋ. ಇವಿಷ್ಟೂ ಬಂದು ಹೋಗುವ ಸದ್ದುಗಳು. ಅವುಗಳ ಕೆಳಗೆ ಹೊಳೆ. ಹಗಲು ಅಷ್ಟೊಂದು ಕೇಳಿಸಿರಲಿಲ್ಲ. ರಾತ್ರಿ ದಿಂಬಿನ ಪಕ್ಕಕ್ಕೇ ಬಂದ ಹಾಗಿತ್ತು. ಇದಕ್ಕೆ ಕಾರಣ ಇದೆ. ರಾತ್ರಿ ನೆಲದ ಹತ್ತಿರದ ಗಾಳಿ ಬೇಗ ತಣ್ಣಗಾಗುತ್ತದೆ, ಮೇಲಿನ ಗಾಳಿ ಇನ್ನೂ ಬೆಚ್ಚಗಿರುತ್ತದೆ. ಆಗ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ಕೆಳಕ್ಕೇ ಬರುತ್ತದೆ. ದೂರದ ರೈಲು ರಾತ್ರಿ ಹತ್ತಿರ ಓಡಿದ ಹಾಗೆ ಕೇಳುವುದೂ ಹೀಗೇ. ಬೆಟ್ಟಗಳ ನಡುವಿನ ಕಣಿವೆಯಲ್ಲಿ, ಮಾಗಿ ಚಳಿಯಲ್ಲಿ, ಇದು ಇನ್ನೂ ಜಾಸ್ತಿ.

ನನ್ನ ಗಂಡ ಮಲಗಿದ ಎರಡು ನಿಮಿಷಕ್ಕೆ ಗೊರಕೆ. ಮಗನೂ ಮುದುಡಿಕೊಂಡು ಮಲಗಿದ. ನಾನು ಕಣ್ಣು ಬಿಟ್ಟುಕೊಂಡು ಹೊಳೆಯಲ್ಲಿ ಆ ಹಕ್ಕಿ ಬರುವುದನ್ನು ಕಾಯುತ್ತಿದ್ದೆ! ನಗಬೇಡಿ. ಮೂರು ವರ್ಷದ ಅಭ್ಯಾಸ. ಎಲ್ಲಿ ಒಂದು ಸುತ್ತು ಮುಗಿಯುತ್ತದೆ, ಎಲ್ಲಿ ಮತ್ತೆ ಶುರುವಾಗುತ್ತದೆ ಅಂತ ಕಿವಿ ಹುಡುಕುತ್ತಿತ್ತು. ಈ ಹೊಳೆಗೆ ಸುತ್ತು ಇರಲಿಲ್ಲ. ಒಂದು ಸಲ ಬುಳುಬುಳು, ಒಂದು ಸಲ ಯಾರೋ ಪಾತ್ರೆ ತೊಳೆದು ಬೋರಲು ಹಾಕಿದ ಹಾಗೆ, ಒಂದು ಸಲ ಹೆಂಗಸರು ದೂರದಲ್ಲಿ ಮಾತಾಡಿಕೊಂಡು ಬರುವ ಹಾಗೆ. ಆ ಮಾತಿನ ಸದ್ದಿಗೆ ಎರಡು ಸಲ ಎದ್ದು ಕೂತೆ. ಯಾರೂ ಇರಲಿಲ್ಲ.

ಎರಡು ಗಂಟೆ ಆಗಿರಬೇಕು. ಇನ್ನು ಸಾಧ್ಯವಿಲ್ಲ ಅಂತ ಶಾಲು ಹೊದ್ದು ಹೊರಗೆ ಬಂದೆ. ಟೆಂಟಿನ ಒಳಮೈಯೆಲ್ಲ ನಮ್ಮ ಉಸಿರಿಗೆ ಬೆವತು ಒದ್ದೆಯಾಗಿತ್ತು. ಜಿಪ್ ಎಳೆದ ಕೂಡಲೇ ನಾಲ್ಕು ಹನಿ ಕತ್ತಿನ ಮೇಲೆ ಬಿತ್ತು. ಬೆಂಕಿ ಹಾಕಿದ್ದ ಜಾಗದಲ್ಲಿ ಒಂದು ಕೊರಡು ಇನ್ನೂ ಕೆಂಡವಾಗಿತ್ತು. ಅದರ ಪಕ್ಕ ಕಾವಲಿನ ಅಣ್ಣ ಗೋಣಿಚೀಲದ ಮೇಲೆ ಕೂತು, ಮೊಣಕಾಲಿನ ಮೇಲೆ ತಲೆ ಇಟ್ಟು ನಿದ್ದೆ ಮಾಡುತ್ತಿದ್ದರು. ಒಳ್ಳೇ ಕಾವಲು ಅಂದುಕೊಂಡೆ. ಎಬ್ಬಿಸುವುದು ಬೇಡ ಅಂತ ಇನ್ನೊಂದು ಪಕ್ಕ ಕುರ್ಚಿಯಲ್ಲಿ ಕೂತೆ.

ಎಷ್ಟು ಹೊತ್ತು ಕೂತೆನೋ. ಅಣ್ಣ ಇದ್ದಕ್ಕಿದ್ದ ಹಾಗೆ ತಲೆ ಎತ್ತಿದರು. ನನ್ನನ್ನು ನೋಡಲಿಲ್ಲ. ಹೊಳೆ ಕಡೆ ಮುಖ ಮಾಡಿ ಒಂದು ನಿಮಿಷ ಹಾಗೇ ಇದ್ದರು. ಆಮೇಲೆ ಎದ್ದು ಬ್ಯಾಟರಿ ಹಾಕಿಕೊಂಡು ದಡಕ್ಕೆ ನಡೆದರು. ನನಗೆ ಗಾಬರಿ. ಆನೆಯಾ? ಮೊಸಳೆಯಾ?

"ಏನಿಲ್ಲ ಕನವ್ವ. ನೀರ್ ಬತ್ತಾ ಅದೆ" ಅಂದರು.

ನನಗೆ ಏನೂ ಕಾಣಲಿಲ್ಲ. ಅವರು ಮರಳಿನ ಮೇಲೆ ಬೋರಲು ಹಾಕಿದ್ದ ಎರಡು ಹರಿಗೋಲನ್ನೂ ಒಂದೊಂದಾಗಿ ಉರುಳಿಸಿಕೊಂಡು ಮೇಲೆ ತಂದು ಮರಕ್ಕೆ ಕಟ್ಟಿದರು. ಸಂಜೆ ನಾವು ಕಾಲು ಇಳಿಬಿಟ್ಟು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ಎತ್ತಿ ಇಟ್ಟರು. ನಾನೂ ಎರಡು ಹೊತ್ತೆ. ಹತ್ತು ಹದಿನೈದು ನಿಮಿಷದ ಮೇಲೆ ಬ್ಯಾಟರಿ ಬೆಳಕು ಬಿಟ್ಟು ತೋರಿಸಿದರು. ಕುರ್ಚಿ ಇದ್ದ ಜಾಗದಲ್ಲಿ ನೀರು ಆಡುತ್ತಿತ್ತು. ಮೊಣಕಾಲು ಮಟ್ಟ ಅಷ್ಟೇ, ಪ್ರವಾಹ ಗಿವಾಹ ಏನಲ್ಲ. ಮೇಲೆ ಶಿವನಸಮುದ್ರ, ಶಿಂಷಾ ಪವರ್ ಹೌಸಿನ ಕಡೆಯಿಂದ ನೀರು ಬಿಟ್ಟರೆ ಹೀಗೆ ಆಗುತ್ತದಂತೆ. "ಅವ್ರಿಗೆ ಕರೆಂಟ್ ಬೇಕಾದಾಗ ಬುಡ್ತರೆ. ನಮ್ಗೆ ಯೋಳ್ಬುಟ್ ಬುಟ್ಟರಾ?" ಶಿವನಸಮುದ್ರದಲ್ಲಿ ಕರೆಂಟು ತೆಗೆಯಲು ಶುರು ಮಾಡಿದ್ದು 1902ರಲ್ಲಿ, ಕೋಲಾರದ ಚಿನ್ನದ ಗಣಿಗೆ. ಹೊಳೆ ಕೆಳಗಿನವರು ರಾತ್ರಿ ಎದ್ದು ಹರಿಗೋಲು ಎಳೆದಿಡುವುದೂ ಆವಾಗಿನಿಂದಲೇ ಇರಬೇಕು ಅಂತ ಅನ್ನಿಸಿತು.

ಆ ರಾತ್ರಿಯ ಒಟ್ಟು ನಷ್ಟ, ನನ್ನ ಗಂಡ ಬಂಡೆ ಮೇಲೆ ಬಿಟ್ಟು ಬಂದಿದ್ದ ಹೊಸ ಚಪ್ಪಲಿ. ಒಂದು ಸಿಕ್ಕಿತು. ಇನ್ನೊಂದು ಇಷ್ಟು ಹೊತ್ತಿಗೆ ಮೇಕೆದಾಟು ದಾಟಿ ತಮಿಳುನಾಡಿಗೆ ಹೋಗಿರುತ್ತದೆ. ಅದಕ್ಕೆ ಯಾವ ಟ್ರಿಬ್ಯೂನಲ್ಲೂ ಲೆಕ್ಕ ಇಡಲಿಲ್ಲ.

"ನೀವು ಮಲಗಿದ್ರಲ್ಲಾ ಅಣ್ಣ, ಹೇಗೆ ಗೊತ್ತಾಯ್ತು?" ಅಂತ ಕೇಳಿದೆ. "ಸದ್ದು ಕಮ್ಮಿ ಆಯ್ತಲ್ಲವ್ವ" ಅಂದರು. ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ. ನೀರು ಜಾಸ್ತಿ ಆದರೆ ಸದ್ದು ಜಾಸ್ತಿ ಆಗಬೇಕಲ್ವಾ? ಅವರು ಕೈ ಅಡ್ಡ ಆಡಿಸಿದರು. "ವಸಿ ಏರ್ದಾಗ ಹೊಳೆ ಬಾಯ್ ಮುಚ್ಕೊತದೆ. ಪೂರ್ತಿ ಬಂದಾಗ ಅಬ್ಬರಿಸ್ತದೆ, ಆಗ ಎಲ್ರಿಗೂ ಗೊತ್ತಾಯ್ತದೆ. ಬಾಯ್ ಮುಚ್ಕೊಂಡಾಗ್ಲೆ ಎದ್ದೇಳ್ಬೇಕು."

ಗುಳ್ಳೆಯ ಸದ್ದು

ಮೈಸೂರಿಗೆ ಬಂದ ಮೇಲೆ ಇದರ ಬಗ್ಗೆ ಓದಿದೆ. ಅಣ್ಣ ಹೇಳಿದ್ದು ಸರಿ. ಹರಿಯುವ ನೀರಿನಿಂದ ನಮಗೆ ಕೇಳುವ ಜುಳುಜುಳು ನೀರಿನದಲ್ಲ, ಗಾಳಿಯದು. ನೀರು ಕಲ್ಲಿನ ಮೇಲೆ ಹಾಯುವಾಗ, ಎಡವಿ ಬೀಳುವಾಗ, ಸ್ವಲ್ಪ ಗಾಳಿಯನ್ನು ಒಳಗೆ ನುಂಗುತ್ತದೆ. ಆ ಗುಳ್ಳೆಗಳು ಹಿಗ್ಗಿ ಕುಗ್ಗಿ ಗಂಟೆ ಹೊಡೆದ ಹಾಗೆ ಸದ್ದು ಮಾಡುತ್ತವೆ. ಸಣ್ಣ ಗುಳ್ಳೆಗೆ ಕೀರಲು ದನಿ, ದೊಡ್ಡದಕ್ಕೆ ದಪ್ಪ ದನಿ. ನೀರು ಒಂದು ಮೊಣಕಾಲು ಏರಿದರೆ ಎಡವಲು ಇದ್ದ ಸಣ್ಣ ಕಲ್ಲುಗಳೆಲ್ಲ ಮುಳುಗುತ್ತವೆ. ಎಡವದೆ ನೀರು ನೇರ ಹೋಗುತ್ತದೆ. ಸದ್ದು ಅಡಗುತ್ತದೆ.

ಇದನ್ನು ಓದಿದಾಗ ಮೊದಲು ನೆನಪಾದದ್ದು ಮುತ್ತತ್ತಿ. ಸೀತೆಯ ಮೂಗುತಿಯ ಮುತ್ತು ಇಲ್ಲಿ ಹೊಳೆಗೆ ಬಿದ್ದು, ಆಂಜನೇಯ ಬಾಲದಿಂದ ನೀರು ಕಲಕಿ ಎತ್ತಿಕೊಟ್ಟ, ಅದಕ್ಕೇ ಮುತ್ತೆತ್ತಿರಾಯ. ಕಥೆ ನಿಮಗೆ ಗೊತ್ತು. ಡಾ. ರಾಜ್‌ಕುಮಾರ್ ಅವರಿಗೆ ಮುತ್ತುರಾಜ ಅಂತ ಹೆಸರಿಟ್ಟದ್ದೂ ಈ ದೇವರದ್ದೇ. ಆ ಬಾಲ ತಿರುಗಿದ ಸುಳಿ ಇನ್ನೂ ಇದೆ ಅನ್ನುತ್ತಾರೆ. ಇಲ್ಲಿ ಈಜಬೇಡಿ ಅಂತ ಎಷ್ಟು ಬೋರ್ಡ್ ಹಾಕಿದರೂ ಪೇಪರಿನಲ್ಲಿ ಸುದ್ದಿ ಬರುವುದು ನಿಂತಿಲ್ಲ. ನಾವು ಹಗಲು ಅಲ್ಲಿ ನಿಂತಿದ್ದಾಗ ನಾಲ್ಕು ಹುಡುಗರು ನೀರಿಗೆ ಇಳಿಯುವ ಜಾಗ ನೋಡುತ್ತಿದ್ದರು. ಕಲ್ಲುಗಳ ನಡುವೆ ಬುಸುಗುಡುವ ನೀರನ್ನು ನೋಡಿ "ಇಲ್ಲಿ ಬೇಡ ಮಗಾ, ಡೇಂಜರ್" ಅಂದುಕೊಂಡು, ಸ್ವಲ್ಪ ಕೆಳಗೆ ಎಲೆ ಕೂಡ ಅಲ್ಲಾಡದ ಹಾಗೆ ನಿಂತಿದ್ದ ನೀರಿನ ಕಡೆ ಹೋದರು. ಅದು ಮಡು. ದೇವಸ್ಥಾನದ ಹತ್ತಿರ ಹೂ ಮಾರುತ್ತಿದ್ದ ಹೆಂಗಸು ಕೂತಲ್ಲಿಂದಲೇ ಜೋರಾಗಿ ಬೈದಳು. ನಾಲ್ಕೂ ಜನ ಬೈಗುಳಕ್ಕೆ ಹೆದರಿ ಮೇಲೆ ಬಂದರು. ಬೋರ್ಡಿಗಿಂತ ಬೈಗುಳ ವಾಸಿ.

ಚಪ್ಪಟೆ ಕಲ್ಲು

ಹತ್ತು ವರ್ಷದ ಹುಡುಗಿಯಾಗಿದ್ದಾಗ ಒಂದೇ ಒಂದು ರಾತ್ರಿ ನಾನು ಅಪ್ಪನ ಜೊತೆ ಗದ್ದೆಯಲ್ಲಿ ಮಲಗಿದ್ದೆ. ಹೊಳೆ ದಡದಲ್ಲಿ ಕೆಂಡದ ಮುಂದೆ ಕೂತಾಗಲೇ ಅದು ಎಲ್ಲೋ ಅಲ್ಲಾಡಿತ್ತು. ಸರಿಯಾಗಿ ಎದ್ದು ಬಂದದ್ದು ಮನೆಗೆ ಬಂದ ಮೇಲೆ.

ಭತ್ತ ಹೊಡೆಗೆ ಬಂದಿತ್ತು. ಆ ಸಮಯದಲ್ಲಿ ನೀರು ತಪ್ಪಿದರೆ ತೆನೆ ಬರುತ್ತದೆ, ಕಾಳು ಬರುವುದಿಲ್ಲ. ಎಲ್ಲಾ ಜಳ್ಳು. ನಮ್ಮದು ವಿ.ಸಿ. ನಾಲೆಯ, ಅಂದರೆ ಕನ್ನಂಬಾಡಿ ಕಟ್ಟೆಯಿಂದ ಬರುವ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಕಟ್ಟೆಯಲ್ಲಿ ನೀರು ಎಷ್ಟೇ ಇರಲಿ, 124.80 ಅಡಿ ತುಂಬಿ ಬಾಗಿನವೇ ಬಿಟ್ಟಿರಲಿ, ಕೊನೆ ಭಾಗಕ್ಕೆ ಬರುವಷ್ಟರಲ್ಲಿ ಕಾಲುವೆಯಲ್ಲಿ ಕಾಲು ತೊಳೆಯುವಷ್ಟು ನೀರು. ಅದೂ ಕಟ್ಟು ನೀರು. ಇಷ್ಟು ದಿನ ಬಿಟ್ಟು, ಇಷ್ಟು ದಿನ ನಿಲ್ಲಿಸುವುದು. ಬಿಟ್ಟಾಗ ಮೇಲಿನವರು ಹಗಲು ಬಿಡುವುದಿಲ್ಲ. ಹಾಗಾಗಿ ನಮ್ಮಂಥವರ ಸರದಿ ರಾತ್ರಿ. ಅವತ್ತು ನನ್ನ ಒಡಹುಟ್ಟಿದ ಅಣ್ಣನಿಗೆ ಹುಷಾರಿಲ್ಲ ಅಂತ ನಾನು ಹೋಗುತ್ತೇನೆ ಅಂದೆ. "ಹೆಣ್ಣುಡುಗಿ ರಾತ್ರಿ ಗದ್ದೆಗೆ ಯಾಕ್ಲಾ ಕರ್ಕೊಂಡೋದಯೇ" ಅಂತ ಅಜ್ಜಿ ಅಪ್ಪನಿಗೆ ಬೈದಳು. ಅಪ್ಪ ಉತ್ತರ ಕೊಡಲಿಲ್ಲ. ಕಂಬಳಿ ನನ್ನ ತಲೆ ಮೇಲೆ ಹೊರಿಸಿದ. ಒಪ್ಪಿಗೆ ಅಂತ ಅರ್ಥ.

ಮೂರು ಸೆಲ್ಲಿನ ಬ್ಯಾಟರಿ, ಗುದ್ದಲಿ, ಗೋಣಿಚೀಲ, ಒಂದು ಕಟ್ಟು ಬೀಡಿ. ಕಪ್ಪೆಗಳ ವಟವಟಕ್ಕೆ ಮಾತೇ ಕೇಳಿಸುತ್ತಿರಲಿಲ್ಲ. ಅಪ್ಪ ಕಾಲುವೆಯಿಂದ ನಮ್ಮ ಗದ್ದೆಗೆ ಬಾಯಿ ತೆಗೆದ. ನೀರು ಕೆಸರಿನ ಮೇಲೆ ಎಣ್ಣೆ ಹರಿದ ಹಾಗೆ ಸದ್ದಿಲ್ಲದೆ ಇಳಿಯಿತು. ಅಪ್ಪ ಬದುವಿನ ಮೇಲೆ ಬ್ಯಾಟರಿ ಬಿಟ್ಟು ಏನೋ ಹುಡುಕಿದ. ತಟ್ಟೆ ಅಗಲದ ಒಂದು ಚಪ್ಪಟೆ ಕಲ್ಲು ತಂದು ನೀರು ಬೀಳುವ ಜಾಗದಲ್ಲಿ ಇಟ್ಟ. ಸರಿ ಕಾಣಲಿಲ್ಲ. ಸ್ವಲ್ಪ ಓರೆ ಮಾಡಿದ. ಕೆಳಗೆ ಒಂದು ಹೆಂಟೆ ಕೊಟ್ಟು ಎತ್ತರಿಸಿದ. ಮತ್ತೆ ಓರೆ ಮಾಡಿದ. ಸುಮ್ಮನಿದ್ದ ನೀರು ಈಗ ಟಪಟಪ ಟಪಟಪ ಅನ್ನತೊಡಗಿತು. ಕಪ್ಪೆಗಳ ಮಧ್ಯೆ ಕೂಡ ಬೇರೆಯಾಗಿ ಕೇಳುತ್ತಿತ್ತು. ತಂಬೂರಿ ಶ್ರುತಿ ಮಾಡುವವರು ಮಾಡುತ್ತಾರಲ್ಲ, ಹಾಗೆ ಮಾಡಿದ ಅಪ್ಪ.

ಬದುವಿನ ಮೇಲೆ ಗೋಣಿಚೀಲ ಹಾಸಿದ. "ನಾನು ವಸಿ ಕಣ್ಮುಚ್ತೀನಿ ಕೂಸು. ಸದ್ದು ನಿಂತ್ರೆ ಎಬ್ಸು" ಅಂದ.

ಅಷ್ಟು ದೊಡ್ಡ ಕೆಲಸವನ್ನು ಅಲ್ಲಿಯವರೆಗೆ ನನಗೆ ಯಾರೂ ಕೊಟ್ಟಿರಲಿಲ್ಲ. ಕಣ್ಣು ಅಗಲ ಮಾಡಿ ಕೂತೆ. ಕಣ್ಣಿಗೂ ಸದ್ದಿಗೂ ಏನು ಸಂಬಂಧ, ಆದರೂ. ಆ ಕಡೆ ಈ ಕಡೆ ಮಿಂಚುಹುಳ. ಟಪಟಪ ಎಣಿಸಿದೆ. ನೂರರವರೆಗೆ, ಮತ್ತೆ ನೂರರವರೆಗೆ. ಅಷ್ಟೇ ನೆನಪು.

ಎಚ್ಚರವಾದಾಗ ಅಪ್ಪ ಪಕ್ಕದಲ್ಲಿ ಇರಲಿಲ್ಲ. ಟಪಟಪವೂ ಇರಲಿಲ್ಲ. ಕಾಲುವೆ ಮೇಲೆ ಸ್ವಲ್ಪ ದೂರದಲ್ಲಿ ಬ್ಯಾಟರಿ ಬೆಳಕು ಕಾಣಿಸಿತು. ಓಡಿದೆ. ನಮ್ಮ ಮೇಲಿನ ಗದ್ದೆ ದೊಡ್ಡಪ್ಪನದು. ಅವನು ನೀರು ತಿರುಗಿಸಿಕೊಂಡಿದ್ದ. ಅವನ ಕೈಯಲ್ಲೂ ಗುದ್ದಲಿ, ಅಪ್ಪನ ಕೈಯಲ್ಲೂ ಗುದ್ದಲಿ. ನೀರಿನ ಜಗಳದಲ್ಲಿ ತಲೆ ಒಡೆದ ಕಥೆಗಳನ್ನು ಕೇಳಿ ಬೆಳೆದವಳು ನಾನು. ಎದೆ ಡಬಡಬ. ಇಬ್ಬರೂ ಮಾತಾಡಲಿಲ್ಲ. ಅಪ್ಪ ಒಂದು ಬೀಡಿ ತೆಗೆದು ಹಚ್ಚಿಕೊಂಡ. ಇನ್ನೊಂದು ದೊಡ್ಡಪ್ಪನಿಗೆ ಕೊಟ್ಟ. ಅರ್ಧ ಬೀಡಿ ಮುಗಿದ ಮೇಲೆ ದೊಡ್ಡಪ್ಪ, "ನಂದೂ ಹೊಡೆಗೆ ಬಂದದೆ ಕನ್ಲಾ" ಅಂದ. "ನಂದೂ ಬಂದದೆ" ಅಂದ ಅಪ್ಪ. ಆಮೇಲೆ ಕಾಲುವೆಗೆ ಇಳಿದು ಎರಡು ಗುದ್ದಲಿ ಮಣ್ಣು ತೆಗೆದು, ಒಂದು ಹೆಂಟೆ ಅಡ್ಡ ಇಟ್ಟು, ನೀರನ್ನು ಎರಡು ಪಾಲು ಮಾಡಿದ. ಒಂದು ಪಾಲು ಅಲ್ಲಿ, ಒಂದು ಪಾಲು ನಮಗೆ. ವಾಪಸ್ ಬಂದಾಗ ಕಲ್ಲು ಮತ್ತೆ ಮಾತಾಡುತ್ತಿತ್ತು, ಮೊದಲಿಗಿಂತ ಸಣ್ಣಗೆ. ಟಪ್, ಟಪ್. ಅಪ್ಪ ಕೂತು ಕೇಳಿದ. ಕಲ್ಲನ್ನು ಇನ್ನೊಂದು ಚೂರು ಓರೆ ಮಾಡಿದ. ಮಲಗಿದ.

ನಾನು ನಿದ್ದೆ ಹೋದದ್ದಕ್ಕೆ ಬೈಯಲೂ ಇಲ್ಲ, ಮನೆಯಲ್ಲಿ ಹೇಳಲೂ ಇಲ್ಲ. ಅದು ನನಗೆ ಬೈದದ್ದಕ್ಕಿಂತ ಜಾಸ್ತಿ ಆಯಿತು.

ಆ ಗದ್ದೆಯಿಂದ ಬಸಿದ ನೀರು ಹಳ್ಳಕ್ಕೆ, ಹಳ್ಳದಿಂದ ಶಿಂಷೆಗೆ, ಶಿಂಷೆಯಿಂದ ಮಳವಳ್ಳಿ ಆಚೆ ಮತ್ತೆ ಕಾವೇರಿಗೆ ಸೇರುತ್ತದೆ. ಸೇರಿ ಆ ಕ್ಯಾಂಪಿನ ಮುಂದೆಯೇ ಹೋಗಬೇಕು, ಬೇರೆ ದಾರಿ ಇಲ್ಲ. ಕನ್ನಂಬಾಡಿಯಲ್ಲಿ ಹೊಳೆ ಬಿಟ್ಟು ನಾಲೆ ಹಿಡಿದ ನೀರು, ಅಪ್ಪನ ಕಲ್ಲಿನ ಮೇಲೆ ಬಿದ್ದು, ಸುತ್ತಿ ಬಳಸಿ ಮತ್ತೆ ಹೊಳೆಗೇ. ನಕ್ಷೆಯಲ್ಲಿ ಬೆರಳಿಟ್ಟು ಮಗನಿಗೆ ತೋರಿಸಿದೆ. "ಹಾಗಾದ್ರೆ ತಾತ ನೀರು ವೇಸ್ಟ್ ಮಾಡಿಲ್ಲ, ಫಾರ್ವರ್ಡ್ ಮಾಡಿದಾರೆ" ಅಂದ.

ಈಗ ನನಗೆ ಅನ್ನಿಸುವುದು ಇಷ್ಟು. ಆಪ್‌ನ ಹೊಳೆ ನನ್ನನ್ನು ಏನೂ ಕೇಳುವುದಿಲ್ಲ. ಅದು ಏರುವುದಿಲ್ಲ, ಇಳಿಯುವುದಿಲ್ಲ, ಯಾರೂ ಅದನ್ನು ತಿರುಗಿಸಿಕೊಳ್ಳುವುದಿಲ್ಲ. ಅದಕ್ಕೇ ಅದರ ಪಕ್ಕ ಸತ್ತ ಹಾಗೆ ಮಲಗಬಹುದು. ನಿಜವಾದ ನೀರಿನ ಪಕ್ಕ ಮಲಗಲು ಅಪ್ಪನ ಹಾಗೆ, ಆ ಅಣ್ಣನ ಹಾಗೆ, ಮೈ ಮಲಗಿ ಕಿವಿ ಕೂತಿರಬೇಕು. ನನಗೆ ಎರಡೂ ಒಟ್ಟಿಗೆ ಬರುವುದಿಲ್ಲ. ಒಂದೋ ಪೂರ್ತಿ ಎಚ್ಚರ, ಇಲ್ಲಾಂದರೆ ಪೂರ್ತಿ ನಿದ್ದೆ. ಹತ್ತು ವರ್ಷದವಳಿದ್ದಾಗಲೂ ಹಾಗೇ, ಈಗಲೂ ಹಾಗೇ. ಎರಡನೇ ರಾತ್ರಿ ಕ್ಯಾಂಪಿನಲ್ಲಿ ಚೆನ್ನಾಗಿ ನಿದ್ದೆ ಬಂತು. ಹೊಳೆ ಅಭ್ಯಾಸವಾಯಿತು ಅಂತಲ್ಲ, ಕೆಂಡದ ಪಕ್ಕ ಅಣ್ಣ ಕೂತಿದ್ದಾರೆ ಅಂತ ಗೊತ್ತಿತ್ತು.

ಹನ್ನೊಂದು ನಿಮಿಷ

ಹೊರಡುವ ದಿನ ಬೆಳಿಗ್ಗೆ ಬಂಡೆ ಮೇಲೆ ಫೋನಿಟ್ಟು ಹೊಳೆಯನ್ನು ರೆಕಾರ್ಡ್ ಮಾಡಿಕೊಂಡೆ. ಹನ್ನೊಂದು ನಿಮಿಷ. ಮಧ್ಯೆ ಮಗ ಸೀನಿದ್ದೂ ಇದೆ, ಮಿಂಚುಳ್ಳಿ ಕೂಗಿದ್ದೂ ಇದೆ. ಒಂದೇ ಸಲ.

ಅಪ್ಪ ಈಗ ನಮ್ಮ ಜೊತೆ ಮೈಸೂರಿನಲ್ಲೇ ಇದ್ದಾನೆ. ಎಂಬತ್ತೆರಡು. ಗದ್ದೆ ಗುತ್ತಿಗೆಗೆ ಕೊಟ್ಟಾಗಿದೆ. ಕಿವಿ ಮಂದ. ಟಿವಿ ಸೌಂಡು ಕೆಳಗಿನ ಮನೆಯವರಿಗೂ ಕೇಳುತ್ತದೆ. ಮೆಷಿನ್ ತಂದುಕೊಟ್ಟರೆ ಗುಂಯ್ ಅನ್ನುತ್ತದೆ ಅಂತ ಡಬ್ಬಿಯಲ್ಲಿ ಇಟ್ಟಿದ್ದಾನೆ. ಹೋದ ಭಾನುವಾರ ಊಟವಾದ ಮೇಲೆ ದಿವಾನದ ಮೇಲೆ ಮಲಗಿದ್ದ. ಇದನ್ನು ಕೇಳು ಅಂತ ಫೋನನ್ನು ದಿಂಬಿನ ಮೇಲೆ, ಕಿವಿಗೆ ತಾಗಿಸಿ ಇಟ್ಟೆ. ಸೌಂಡು ಪೂರ್ತಿ ಏರಿಸಿದೆ. ಸ್ವಲ್ಪ ಹೊತ್ತು ಚಾವಣಿ ನೋಡಿದ. "ನೀರು" ಅಂದ. "ಹೂಂ ಅಪ್ಪ, ಮುತ್ತತ್ತಿ ಹತ್ರ." ಕೇಳಿಸಿತೋ ಇಲ್ಲವೋ. ಕಣ್ಣು ಮುಚ್ಚಿದ. ಬಾಯಿ ಸ್ವಲ್ಪ ತೆರೆಯಿತು. ಉಸಿರು ಭಾರವಾಯಿತು. ಸರಿ, ಮಲಗಲಿ ಅಂತ ನಾನು ಅಲ್ಲೇ ಕೂತು ಬಟ್ಟೆ ಮಡಚುತ್ತಿದ್ದೆ.

ಹನ್ನೊಂದು ನಿಮಿಷ ಮುಗಿಯಿತು. ನನ್ನ ಕೈಯಲ್ಲಿ ಅರ್ಧ ಮಡಚಿದ ಟವೆಲ್ ಇತ್ತು. ಅಪ್ಪ ಕಣ್ಣು ಬಿಟ್ಟ. ಕಾಲು ಕೆಳಗೆ ಬಿಟ್ಟು ಎದ್ದು ಕೂತ. ಚಪ್ಪಲಿಗೆ ತಡಕಾಡುತ್ತಾ ನನ್ನ ಕಡೆ ತಿರುಗಿ, "ಎಬ್ಸು ಅಂತ ಯೋಳಿರ್ನಿಲ್ವಾ ಕೂಸು" ಅಂದ.